ಡೇರೆಯಿಂದ ಹೊರಬಂದ ಜನರಲ್

ನಾನು ಒಂದು ಮರದ ಕತ್ತಿ. ಮರದ್ದು ತಾನೇ ಎಂದು ಮೂಗು ಮುರಿಯಬೇಡಿ. ಉಕ್ಕಿನ ಕತ್ತಿಗಳು ಒಂದು ಸಲ ಸೋತು ಮ್ಯೂಸಿಯಮ್ಮಿನ ಗಾಜಿನ ಹಿಂದೆ ಹಾಯಾಗಿ ಮಲಗಿಬಿಡುತ್ತವೆ. ನಾನು ಇಪ್ಪತ್ತೈದು ಸಲ ಸೋತೆ. ಇಪ್ಪತ್ತಾರನೆಯ ಸಲ ಸೇಡು ತೀರಿಸಿಕೊಂಡೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನಾನು ಹುಟ್ಟಿದ್ದು ಅಮೆರಿಕದ ವರ್ಜೀನಿಯಾದಲ್ಲಿ, ಒಂದು ಸಣ್ಣ ಊರಿನ ಶಾಲೆಯಲ್ಲಿ. ಅಲ್ಲಿನ ಮರಗೆಲಸದ ಮೇಷ್ಟ್ರು ವಾಲ್ಟರ್, ಆಟದ ಕೋಣೆಯ ನೆಲದಿಂದ ಕಿತ್ತು ಬಿಸಾಡಿದ್ದ ಮೇಪಲ್ ಮರದ ಹಲಗೆಯೊಂದನ್ನು ಕೆತ್ತಿ, ಉಜ್ಜಿ, ಬೆಳ್ಳಿ ಕಾಗದ ಸುತ್ತಿ ನನ್ನನ್ನು ಮಾಡಿದರು. ಒಂದು ಸಲ ಗಾಳಿಯಲ್ಲಿ ಝಳಪಿಸಿ, "ಪರವಾಗಿಲ್ಲ, ಚೆನ್ನಾಗಿದ್ದೀಯ" ಎಂದರು. ನನಗೋ ಎದೆಯುಬ್ಬಿತು. ಯುದ್ಧಕ್ಕೆ ಹೊರಟೆ ಎಂದುಕೊಂಡೆ.

ಹೊರಟಿದ್ದು ಶರಣಾಗತಿಗೆ. ಆ ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಯಾರ್ಕ್‌ಟೌನ್ ಇದೆ. 1781ರ ಅಕ್ಟೋಬರಿನಲ್ಲಿ ಇಂಗ್ಲಿಷರ ಜನರಲ್ ಕಾರ್ನ್‌ವಾಲಿಸ್ ಅಲ್ಲಿ ಅಮೆರಿಕನ್ನರಿಗೆ ಸೋತ. ಸೋತವನು ಬಂದು ಕತ್ತಿ ಒಪ್ಪಿಸಬೇಕು ತಾನೇ? ಈ ಮಹಾಶಯ ಮೈಗೆ ಹುಷಾರಿಲ್ಲ ಎಂದು ಹೇಳಿಕಳಿಸಿ ಒಳಗೇ ಉಳಿದುಕೊಂಡ. ಕತ್ತಿಯನ್ನು ಕೈಕೆಳಗಿನ ಅಧಿಕಾರಿಯ ಕೈಲಿ ಕಳಿಸಿದ. ಇದನ್ನು ಶಾಲೆಯ ಎಂಟನೆಯ ತರಗತಿಯವರು ಪ್ರತಿ ಅಕ್ಟೋಬರಿನಲ್ಲಿ ಆಟದ ಮೈದಾನದಲ್ಲಿ ಆಡಿ ತೋರಿಸುತ್ತಾರೆ. ಇಡೀ ಊರು ಕುರ್ಚಿ ಹಾಕಿಕೊಂಡು ನೋಡುತ್ತದೆ. ನಾನು ಹಿಡಿ ಮುಂದಾಗಿ, ತಲೆ ಹಿಂದಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು, ಜನ ಚಪ್ಪಾಳೆ ತಟ್ಟಬೇಕು. ಅಡಗಿಕೊಂಡವನು ಅವನು, ಅವಮಾನ ನನಗೆ!

ಕಾರ್ನ್‌ವಾಲಿಸ್ ಪಾತ್ರಕ್ಕೂ ಒಬ್ಬರು ಬೇಕಿತ್ತು. ಮೈದಾನದ ಮೂಲೆಯಲ್ಲಿ ಒಂದು ಡೇರೆ, ಅದರೊಳಗೆ ಒಂದು ಹಾಸಿಗೆ, ಒಂದು ಬೂದು ಕಂಬಳಿ. ಆಟ ಮುಗಿಯುವವರೆಗೂ ಅಲ್ಲಿ ಮುಸುಕು ಹೊದ್ದು ಮಲಗಿರಬೇಕು. ಮಾತಿಲ್ಲ, ಯಾರ ಕಣ್ಣಿಗೂ ಬೀಳುವ ಹಾಗಿಲ್ಲ. ಎಲ್ಲಿ ಹಾಕಬೇಕೆಂದು ತಿಳಿಯದ ಮಕ್ಕಳನ್ನೆಲ್ಲ ಆ ಡೇರೆಗೆ ಹಾಕುತ್ತಿದ್ದರು: ತೊದಲುವವರು, ಹೊಸದಾಗಿ ಸೇರಿದವರು, ಜೊತೆಗಾರರಿಲ್ಲದವರು. ಸುಮ್ಮನೆ ಮಲಗುವವರಿಗೆ ಒಂದು ಕೆಲಸವಿರಲಿ ಎಂದು, ಅವರು ನನ್ನನ್ನು ಒಂದು ವಾರ ಮನೆಗೆ ಒಯ್ದು ಬೆಳ್ಳಿ ಕಾಗದ ಬದಲಾಯಿಸಿಕೊಂಡು ಬರಬೇಕಿತ್ತು. ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ನಾನು ಮಲಗಿದ್ದೇನೆ. ಎಲ್ಲ ಕಡೆಯೂ ಅದೇ ಬಾಡಿದ ಮುಖಗಳು.

ಇಪ್ಪತ್ತಾರನೆಯ ವರ್ಷ ನನ್ನನ್ನು ಎತ್ತಿಕೊಂಡವಳು ಮೇದಿನಿ. ಹದಿಮೂರು ವರ್ಷ, ಎರಡು ಬಿಗಿ ಜಡೆ, ಇನ್ನೂ ಬಿಗಿಯಾದ ತುಟಿ. ಮೂರು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಭಾರತದಿಂದ ಬಂದವಳಂತೆ. ಅವಳು ಕೇಳಿದ್ದು ನಿರೂಪಕಿಯ ಪಾತ್ರ. ಇಡೀ ಕಥೆಯನ್ನು ಮೈಕಿನ ಮುಂದೆ ನಿಂತು ಹೇಳುವ ಪಾತ್ರ ಅದು. ಪಾಠವೆಲ್ಲ ಅವಳಿಗೆ ಕಂಠಪಾಠವಾಗಿತ್ತು. ಇತಿಹಾಸದ ಟೀಚರ್ ಮಿಸೆಸ್ ಹಾಲಿಸ್ಟರ್ ನಗುನಗುತ್ತಲೇ ಆಗದೆಂದು ತಲೆಯಾಡಿಸಿಬಿಟ್ಟರು.

"ಅದು ಹಳೇ ಮನೆತನದ ಮಕ್ಕಳಿಗೆ ಕೊಡೋ ಪಾತ್ರ, ಮೇದಿನಿ. ಅವರ ಮುತ್ತಾತಂದಿರು ಇಲ್ಲೇ ಹೋರಾಡಿದವರು. ನಿಂದಲ್ಲದ ಕಥೆ ನೀನ್ಯಾಕೆ ಹೊರಬೇಕು ಹೇಳು? ಡೇರೆ ಸುಲಭ, ಆರಾಮಾಗಿ ಮಲಗಿರು."

ನಿಂದಲ್ಲದ ಕಥೆ! ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು. ನನ್ನ ಹಿಡಿಯನ್ನು ಅಷ್ಟು ಗಟ್ಟಿಯಾಗಿ ಯಾರೂ ಹಿಡಿದಿರಲಿಲ್ಲ. ನನಗೆ ಖುಷಿಯಾಯಿತು. ಇಷ್ಟು ವರ್ಷಕ್ಕೆ ಸಿಟ್ಟಿರುವ ಕೈಯೊಂದು ಸಿಕ್ಕಿತಲ್ಲ!

ಭಾನುವಾರ ಬೆಳಿಗ್ಗೆ ಅವಳು ಮೇಜಿನ ಮೇಲೆ ನನಗೆ ಕಾಗದ ಸುತ್ತುತ್ತ ಫೋನಿನಲ್ಲಿ ಅಜ್ಜಿಯ ಜೊತೆ ಮಾತಾಡುತ್ತಿದ್ದಳು. ಅಜ್ಜಿ ಪುಟ್ಟತಾಯಮ್ಮನವರದು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. ತೀರಿಕೊಂಡ ತಾತ ಅಲ್ಲಿಯ ಕೋಟೆಯಲ್ಲಿ ನಲವತ್ತು ವರ್ಷ ಪ್ರವಾಸಿಗರಿಗೆ ಕಥೆ ಹೇಳುವ ಗೈಡ್ ಆಗಿದ್ದವರು.

"ಏನವ್ವ ಅದು, ಕತ್ತಿಯಾ?"

"ಹೂಂ ಅಜ್ಜಿ. ಸ್ಕೂಲ್ ಡ್ರಾಮಾದು. ಕಾರ್ನ್‌ವಾಲಿಸ್ ಅಂತ ಒಬ್ಬ ಜನರಲ್. ನಂಗೆ ಅವನ ಪಾರ್ಟ್. ಸುಮ್ನೆ ಮಲ್ಕೊಂಡಿರೋದು."

ಅಜ್ಜಿಯ ಮುಖ ಫೋನಿನ ತುಂಬ ಬಂತು. "ಯಾರು, ಕಾರ್ನ್‌ವಾಲೀಸಾ? ಅವ್ನು ಇಲ್ಲಿಗೂ ಬಂದಿದ್ನಲ್ಲ ಕಣವ್ವ! ನಿಮ್ ತಾತ ಗಂಟ್ಲು ಕಿತ್ತೋಗಂಗೆ ದಿನಾ ಹೇಳ್ತಿದ್ದುದ್ದೇ ಅವ್ನ್ ಕತೆಯ!"

"ಸೇಮ್ ಕಾರ್ನ್‌ವಾಲಿಸಾ ಅಜ್ಜಿ?"

"ಇನ್ನೆಷ್ಟ್ ಜನವ್ವ ಇದ್ದಾರು? ಅಲ್ಲೆಲ್ಲೋ ಸೋತು, ಮೈ ಉಸಾರಿಲ್ಲ ಅಂತ ಮಕ ಮುಚ್ಕಂಡ್ ಮನೀಕಂಡಿದ್ನಂತೆ. ಹನ್ನೊಂದ್ ವರ್ಸಕ್ಕೆ ಇಲ್ಲಿಗ್ ಬಂದು ಕ್ವಾಟೆ ಸುತ್ತಾಕಂಡ. ಸುಲ್ತಾನನ್ ಮಕ್ಳು ಇಬ್ರುನ್ನ ಒತ್ತೆ ಅಂತ ಹಿಡ್ಕಂಡೋದ. ಸಣ್ ಉಡುಗ್ರು, ದೊಡ್ಡೋನ್ಗೆ ಹತ್ತೋ ಏನೋ. ಅಲ್ಲಿ ಕಳ್ಕಂಡಿದ್ ಸೌರ್ಯವ ಇಲ್ಲಿ ಮಕ್ಳ್ ಮೇಲೆ ತೋರುಸ್ದ. ಆ ಪುಕ್ಕಲನ್ ಪಾರ್ಟು ನಮ್ ಮಗೀಗಾ!"

ಮೇದಿನಿಯ ಕೈ ನನ್ನ ಮೇಲೇ ನಿಂತಿತು. ಆಮೇಲೆ ನಕ್ಕಳು. ನಾನು ಅಂಥ ನಗು ನೋಡಿರಲಿಲ್ಲ. ಡೇರೆಯಲ್ಲಿ ಮಲಗಿಸಲು ಇಡೀ ಶಾಲೆಯಲ್ಲಿ ಯಾರನ್ನು ಆರಿಸಬಾರದಿತ್ತೋ ಅವಳನ್ನೇ ಆರಿಸಿದ್ದರು. ತಪ್ಪು ಅವರದ್ದು, ನಮ್ಮದಲ್ಲ.

ಆಟದ ದಿನ ಬಿಸಿಲಿತ್ತು. ಮೇದಿನಿ ಕಂಬಳಿ ಹೊದ್ದು ಮಲಗಿದ್ದಳು, ನಾನು ಅವಳ ಎದೆಯ ಮೇಲಿದ್ದೆ. ಆಟ ಕೆಡಿಸಿದವರನ್ನು ಶಾಲೆಯಿಂದ ಕೆಲವು ದಿನ ಹೊರಗಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಮಲಗಿದ್ದರೆ ಯಾವ ತೊಂದರೆಯೂ ಇಲ್ಲ, ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳಬಹುದು. ಆದರೆ ಆಮೇಲೆ ಜೀವನಪೂರ್ತಿ ಅವಳು ಡೇರೆಯೊಳಗಿನವಳೇ.

ಇಂಗ್ಲಿಷ್ ಉಪಸೇನಾನಿಯ ವೇಷದ ಬ್ರೆನ್ನನ್ ಪರದೆ ಸರಿಸಿ ಕೈ ಚಾಚಿದ. "ಬೇಗ ಕೊಡು."

"ಕೊಡಲ್ಲ. ನಾನೇ ಬರ್ತೀನಿ."

"ತಲೆ ಕೆಟ್ಟಿದೆಯಾ? ಜನರಲ್ ಬರಲ್ಲ!"

"ಇವತ್ತು ಬರ್ತಾನೆ."

ಅವನು ನನ್ನ ತುದಿ ಹಿಡಿದು ಎಳೆದ. ಅವಳು ಹಿಡಿ ಬಿಡಲಿಲ್ಲ. ನನ್ನ ತುದಿ ಲಟಕ್ಕನೆ ಮುರಿದು ನೆಲಕ್ಕೆ ಬಿತ್ತು. ನೋವಾಯಿತೇ ಎಂದು ಕೇಳಬೇಡಿ, ಅದನ್ನು ನೋಡಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ. ಅವಳು ಬಗ್ಗಿ ಆ ತುಂಡನ್ನು ಜೇಬಿಗೆ ಹಾಕಿಕೊಂಡು, ಕಂಬಳಿಯನ್ನು ಹೆಗಲ ಮೇಲೆಳೆದುಕೊಂಡು ಮೈದಾನದ ನಡುವಿಗೆ ನಡೆದಳು. ನಿರೂಪಕಿ ಓದುವುದನ್ನು ನಿಲ್ಲಿಸಿದಳು. ಮೇದಿನಿ ಮೈಕು ಕೈಗೆ ತೆಗೆದುಕೊಂಡಳು.

"ನಾನು ಕಾರ್ನ್‌ವಾಲಿಸ್. ನಂಗೆ ಜ್ವರಾನೂ ಇಲ್ಲ, ಏನೂ ಇಲ್ಲ. ಸೋತಿದ್ದಕ್ಕೆ ನಾಚಿಕೆಯಾಗಿ ಅಡಗಿಕೊಂಡೆ. ನೀವು ಇಲ್ಲಿ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತೀರ. ನಾನು ಇಲ್ಲಿಂದ ಹೋಗಿ ಏನ್ ಮಾಡ್ದೆ ಅಂತ ನಿಮ್ಮ ಪುಸ್ತಕದಲ್ಲಿಲ್ಲ. ಹನ್ನೊಂದು ವರ್ಷ ಆದಮೇಲೆ ಶ್ರೀರಂಗಪಟ್ಟಣ ಅನ್ನೋ ಊರಿಗೆ ಹೋಗಿ, ಇಬ್ಬರು ಪುಟ್ಟ ಹುಡುಗರನ್ನ ಅವರಪ್ಪನಿಂದ ಕಿತ್ತುಕೊಂಡೆ. ಆ ಕೋಟೆಯ ಪಕ್ಕದಲ್ಲಿ ನನ್ನ..." ಅವಳು ಮಾತು ತಿದ್ದಿಕೊಂಡಳು. "ಮೇದಿನಿಯ ಅಜ್ಜಿ ಇದ್ದಾರೆ. ನೀವು ಓಡಿಸಿದವನೇ ಅವರೂರಿಗೆ ಹೋಗಿದ್ದು. ಈಗ ಹೇಳಿ, ಇದು ಯಾರ ಕಥೆ?"

ಅವಳು ಎರಡೂ ಕೈಯಲ್ಲಿ ನನ್ನನ್ನು ಹಿಡಿದು, ಜಾರ್ಜ್ ವಾಷಿಂಗ್‌ಟನ್ ವೇಷದ ಹುಡುಗನನ್ನು ದಾಟಿ, ನೇರವಾಗಿ ಮಿಸೆಸ್ ಹಾಲಿಸ್ಟರ್ ಮುಂದೆ ನಿಂತಳು. ಅವರು ಗಾಬರಿಯಲ್ಲಿ ಕೈ ಚಾಚಿ ತೆಗೆದುಕೊಂಡೇಬಿಟ್ಟರು. ನಾನು ಆ ಗಾಬರಿಯನ್ನು ಸವಿದೆ ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಮೂರು ದಿನ ಅವಳನ್ನು ಶಾಲೆಯಿಂದ ಹೊರಗಿಟ್ಟರು. ಕ್ಷಮಾಪಣೆ ಪತ್ರ ಬರೆದು ತಾ ಎಂದರು. ತಂದಳು. ಟೀಚರು ಅದನ್ನು ಸಿಬ್ಬಂದಿ ಕೋಣೆಯಲ್ಲಿ ಗಟ್ಟಿಯಾಗಿ ಓದಿದಾಗ ನಾನು ಅಲ್ಲೇ ಮೂಲೆಯಲ್ಲಿದ್ದೆ. "ಕಾರ್ನ್‌ವಾಲಿಸ್ ಪಾತ್ರವನ್ನು ನೀವೇ ನನಗೆ ಕೊಟ್ಟಿರಿ. ಆದ್ದರಿಂದ ಅವನ ಪರವಾಗಿ ಆ ಇಬ್ಬರು ಹುಡುಗರ ಕ್ಷಮೆ ಕೇಳುತ್ತೇನೆ. ಬೇರೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ." ಟೀಚರು ಅದನ್ನು ಹರಿದು ಹಾಕುತ್ತಾರೆಂದುಕೊಂಡೆ. ಮಡಚಿ ಡ್ರಾಯರಿನೊಳಗಿಟ್ಟರು.

ಮರುವರ್ಷ ಡೇರೆಯನ್ನೇ ತೆಗೆದುಬಿಡಲು ನೋಡಿದರು. ಮಕ್ಕಳು ಬಿಡಬೇಕಲ್ಲ! ಯಾರಿಗೂ ಬೇಡವಾಗಿದ್ದ ಪಾತ್ರಕ್ಕೆ ಹನ್ನೆರಡು ಕೈ ಮೇಲೆದ್ದವು. ಅದು ಸಿಕ್ಕಿದ್ದು ಬ್ರೆನ್ನನ್ನನ ತಂಗಿಗೆ. "ಶ್ರೀರಂಗಪಟ್ಟಣ" ಎಂದು ಹೇಳಲು ಅವಳು ಒಂದು ವಾರ ಕನ್ನಡಿಯ ಮುಂದೆ ಒದ್ದಾಡಿದಳು. ನನಗೆ ಕಾಗದ ಸುತ್ತುತ್ತಲೇ ಕಲಿತಳು. ಡೇರೆಯಿಂದ ಹೊರಬಂದು ಹೇಳುವ ಮಾತುಗಳು ಅಂದಿನಿಂದ ಆಟದ ಪುಸ್ತಕದಲ್ಲೇ ಅಚ್ಚಾಗಿವೆ, ಮೇದಿನಿಯ ಹೆಸರಿನ ಸಮೇತ.

ಈಗ ಹೊಸ ಪ್ಲಾಸ್ಟಿಕ್ ಕತ್ತಿ ಬಂದಿದೆ. ನಾನು ಬಣ್ಣದ ಡಬ್ಬಿಗಳ ಜೊತೆ ಬೀರುವಿನಲ್ಲಿದ್ದೇನೆ. ಹೋದ ವಾರ ಬೀರುವಿನ ಬಾಗಿಲು ತೆರೆಯಿತು. ಮೇದಿನಿ! ಜಡೆಯಿಲ್ಲ, ತುಟಿ ಮಾತ್ರ ಹಾಗೇ ಇದೆ. ನನ್ನ ಮುರಿದ ತುದಿಯ ಮೇಲೆ ಬೆರಳಾಡಿಸಿ ಹೇಳಿದಳು, "ಆ ತುಂಡು ಅಜ್ಜಿ ಹತ್ರ ಇದೆ ಕಣೋ. ಕೋಟೆ ಕಡೆ ಕಿಟಕಿಗೆ ಸಿಗಿಸಿದ್ದಾರೆ, ಗಾಳಿಗೆ ಬಡಕೊಳ್ಳದೆ ಇರಲಿ ಅಂತ. ಕಾರ್ನ್‌ವಾಲೀಸನ ಕತ್ತಿ ಇಷ್ಟಕ್ಕಾದ್ರೂ ಆಯ್ತಲ್ಲ ಅಂತ ಬಂದೋರಿಗೆಲ್ಲ ಹೇಳ್ತಾರಂತೆ."

ಅವನು ಸತ್ತು ಇನ್ನೂರು ವರ್ಷ ದಾಟಿತು, ಇನ್ನೂ ಯಾಕೆ ಹಗೆ ಎಂದು ನೀವು ಕೇಳಬಹುದು. ಅವನು ಅಡಗಿಕೊಂಡಿದ್ದಷ್ಟು ಕಾಲ ನಾವೂ ಅವನನ್ನು ಹೊರಗೆಳೆಯುತ್ತೇವೆ, ಲೆಕ್ಕ ಅಷ್ಟೇ. ನಾಡಿದ್ದು ಅಕ್ಟೋಬರಿನ ಆಟ. ಈ ಸಲ ಮೊದಲ ಸಾಲಿನಲ್ಲಿ ಮೇದಿನಿ ಕೂರುತ್ತಾಳಂತೆ. ಡೇರೆಯ ಪರದೆ ಸರಿಯುತ್ತದೆ, ಅವನು ಕಂಬಳಿ ಹೊದ್ದುಕೊಂಡೇ ಹೊರಗೆ ಬರುತ್ತಾನೆ.