ಬೇಷರತ್ತಾಗಿ

ಎಷ್ಟು ಸಣ್ಣ ಪಾದಗಳು, ಅರೆಬಾಗಿಲಿನ ಕೆಳಗಿಂದ ಹೊರಗಿನ ಬೆಂಚಿನ ಮೇಲೆ ಕೂತವರ ಮೊಣಕಾಲಿನಿಂದ ಕೆಳಗಿನದಷ್ಟೇ ನನಗೆ ಕಾಣುವುದು, ನಾಲ್ಕು ವರ್ಷದಿಂದ ನಾನು ಆಜಾನುಬಾಹು ಒಬ್ಬನನ್ನು ಕಲ್ಪಿಸಿಕೊಂಡಿದ್ದೆ, ಯಾಕೋ ಏನೋ, ಬಹುಶಃ ಹೆಸರಿನ ಜೊತೆ ಯಾವಾಗಲೂ ಕ್ರೇನು ಇರುತ್ತಿತ್ತಲ್ಲ ಅದಕ್ಕೆ — ಬಂದರಿನ ಕ್ರೇನ್ ಚಾಲಕ, ಸ್ವತಂತ್ರ ಕಾರ್ಮಿಕ ಸಂಘದ ಕಾರ್ಯದರ್ಶಿ, ದಯವಿಟ್ಟು ಜೈಲಿನಿಂದ ಬಿಡಿ — ಹೊರದೇಶದಿಂದ ಬಂದ ಒಂದೊಂದು ಕಾಗದದಲ್ಲೂ ಇದೇ ಮೂರು ಮಾತು, ಹೆಸರಿನ ಕಾಗುಣಿತ ಮಾತ್ರ ಒಂದೊಂದರಲ್ಲಿ ಒಂದೊಂದು ತರಹ, ಒಬ್ಬರು ಅವರನ್ನು ಹೆಂಗಸೆಂದೇ ತಿಳಿದು ಸಹೋದರಿ ಎಂದು ಬರೆದಿದ್ದರು, ಅದನ್ನೂ ನಾನು ಹಾಗೆಯೇ ಅನುವಾದ ಮಾಡಿದೆ, ಇಲಾಖೆಯ ಅನುವಾದಕಿಯ ಕೆಲಸ ತಿದ್ದುವುದಲ್ಲ, ಒಂದು ಸಾಲಿನ ಸಾರಾಂಶ ಬರೆದು ಕಾಗದವನ್ನು ಚೀಲಕ್ಕೆ ಹಾಕುವುದು, ಚೀಲ ತುಂಬಿದರೆ ಜವಾನ ಅದನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಎಳೆದುಕೊಂಡು ಹೋಗುತ್ತಾನೆ. ಇವರಿಗೆಲ್ಲ ಮನೇಲಿ ಬೇರೆ ಕೆಲಸ ಇಲ್ವಾ, ಎಂದು ನಿರ್ದೇಶಕರು ನಗುತ್ತಿದ್ದರು, ಮೊದಲೆರಡು ವರ್ಷ ನಕ್ಕರು, ಇದೆ, ಕೆಲಸ ಇರುವವರೇ ಬರೆಯುತ್ತಿದ್ದರು, ಬಸ್ಸು ಓಡಿಸುವವರು, ಬ್ರೆಡ್ ಕಾರ್ಖಾನೆಯ ಹೆಂಗಸರು, ರೈಲಿನ ಹಳಿ ಜೋಡಿಸುವವನೊಬ್ಬ, ಅವರು ಎಲ್ಲಿ ಕೂತು ಬರೆಯುತ್ತಿದ್ದರೋ, ಅಡುಗೆ ಮನೆಯಲ್ಲೋ, ಪಾಳಿ ಮುಗಿಸಿ ಬಟ್ಟೆ ಬದಲಿಸುವ ಕೋಣೆಯಲ್ಲೋ, ಒಂದು ಕಾಗದದ ಮೂಲೆಯಲ್ಲಿ ಲೋಟದ ಅಡಿಯ ದುಂಡು ಗುರುತಿತ್ತು, ಅದನ್ನು ಮೂಸಿ ನೋಡಿದೆ, ಕಾಫಿಯಲ್ಲ, ಏನು ಕುಡಿಯುತ್ತಿದ್ದರೋ, ನೋಡದ ಮನುಷ್ಯನಿಗಾಗಿ ಅಂಚೆಪೆಟ್ಟಿಗೆಯವರೆಗೆ ನಡೆದುಹೋಗುವುದೆಂದರೆ ಹೇಗಿರುತ್ತದೋ.

ನಮ್ಮ ಮನೆಯವರು ಈ ಕ್ರೇನಿನವರನ್ನು ನೋಡಿದ್ದಾರೆ, ಬಂದರಿನ ತೂಕದ ಕಟ್ಟೆಯಲ್ಲೇ ಅವರ ಕೆಲಸ, ಒಳ್ಳೆ ಕೈ ಅವನದು ಎನ್ನುತ್ತಾರೆ, ಪೆಟ್ಟಿಗೆ ಇಳಿಸಿದರೆ ನೆಲಕ್ಕೇ ಗೊತ್ತಾಗುತ್ತಿರಲಿಲ್ಲವಂತೆ, ಸಂಘ ಅಂತ ಒಂದಿದೆಯಲ್ಲ, ಇನ್ನೊಂದು ಯಾಕೆ ಬೇಕಿತ್ತು, ಎಂದೂ ಅವರೇ ಎನ್ನುತ್ತಾರೆ, ಇರುವ ಆ ಒಂದು ಸಂಘ ಸರ್ಕಾರದ್ದು, ತಂತಿಹಗ್ಗ ಹರಿದು ಇಬ್ಬರು ಸತ್ತಾಗ ತಪ್ಪು ಸತ್ತವರದೇ ಎಂದು ಬರೆದುಕೊಟ್ಟದ್ದು ಅದೇ ಸಂಘ, ಮಾರನೆಯ ದಿನ ಈ ಕ್ರೇನಿನವರು ಕ್ಯಾಂಟೀನಿನ ಹಿಂದೆ ಒಂದು ಹಾಳೆ ಹಿಡಿದು ನಿಂತರು, ಬೇರೆ ಸಂಘ ಕಟ್ಟೋಣ, ಇಷ್ಟವಿದ್ದವರು ಸಹಿ ಹಾಕಿ, ಒಂದು ವಾರಕ್ಕೆ ಮುನ್ನೂರು ಸಹಿ, ಎಂಟನೆಯ ದಿನ ಬಂಧನ, ಆರೋಪ ಏನೆಂದರೆ ಬಂದರಿನ ಗೇಟಿನ ಬೀಗ ಮುರಿದದ್ದು. ಪೆನ್ನು ನನ್ನ ಕೈಗೂ ಬಂದಿತ್ತು ಕಣೆ, ಪಕ್ಕದವನಿಗೆ ದಾಟಿಸಿದೆ — ನಮ್ಮ ಮನೆಯವರು ಹೀಗೆಂದದ್ದು ಮೂರು ವರ್ಷವಾದ ಮೇಲೆ, ನಲ್ಲಿಯ ಕೆಳಗೆ ಕೈ ತೊಳೆಯುತ್ತ, ಆಮೇಲೂ ತೊಳೆಯುತ್ತಲೇ ಇದ್ದರು, ನಾನೇ ಹೋಗಿ ನಲ್ಲಿ ನಿಲ್ಲಿಸಿದೆ. ನಾನಾದರೂ ಏನು ಮಾಡಿದೆ, ನಮ್ಮ ದೇಶದಲ್ಲಿ ಸಂಘ ಕಟ್ಟಿದ ಕಾರಣಕ್ಕೆ ಯಾರೂ ಸೆರೆಯಲ್ಲಿಲ್ಲ, ಈ ವಾಕ್ಯವನ್ನು ಪರಭಾಷೆಗೆ ತಿರುಗಿಸಿದವಳು ನಾನು, ಎಷ್ಟು ನಯವಾಗಿ ತಿರುಗಿಸಿದೆನೆಂದರೆ ನಿರ್ದೇಶಕರು ನನ್ನನ್ನು ಹೊಗಳಿದರು, ನಾನು ಹಿಗ್ಗಿದೆ ಕೂಡ.

ನನಗೆ ಈಗಲೂ ಸೋಜಿಗ ಒಂದೇ, ಅಷ್ಟು ಮರ್ಯಾದೆಯ ಭಾಷೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು, ಹೊರದೇಶದಲ್ಲಿ ಎಲ್ಲ ಸರ್ಕಾರಗಳೂ ಕಾರ್ಮಿಕರ ವಿಚಾರಕ್ಕೆ ಸೇರುವ ಸಭೆಯೊಂದಿದೆ, ಅದು ವರ್ಷಕ್ಕೊಮ್ಮೆ ಪತ್ರ ಬರೆಯುತ್ತಿತ್ತು, ಮೊದಲ ವರ್ಷ ಈ ಬಂಧನವನ್ನು ಸಭೆ ಗಮನಿಸುತ್ತದೆ ಎಂದಿತ್ತು, ಎರಡನೆಯ ವರ್ಷ ವಿಷಾದಿಸುತ್ತದೆ, ಮೂರನೆಯ ವರ್ಷ ತೀವ್ರವಾಗಿ ವಿಷಾದಿಸುತ್ತದೆ, ಉಳಿದದ್ದೆಲ್ಲ ಅದೇ, ಒಂದು ಪದ ಮಾತ್ರ ಹೆಚ್ಚು, ಆ ದಿನ ನಿರ್ದೇಶಕರು ಕನ್ನಡಕ ತೆಗೆದಿಟ್ಟರು, ಈ ತೀವ್ರವಾಗಿ ಅನ್ನೋದನ್ನ ಬಿಟ್ಟು ಅನುವಾದ ಮಾಡಕ್ಕಾಗಲ್ವಾ, ಬಿಡಬಹುದು ಸಾರ್, ಅವರ ಪ್ರತಿಯಲ್ಲಿ ಇದ್ದೇ ಇರತ್ತಲ್ಲ ಎಂದೆ, ಅವತ್ತಿನಿಂದ ಅವರು ಕಾಗದಗಳನ್ನು ಕಂಡು ನಗಲಿಲ್ಲ, ಆಮೇಲೆ ನಮ್ಮ ಬಟ್ಟೆ ಕೊಳ್ಳುವ ದೇಶಗಳೂ ಕೇಳಲು ಶುರುಮಾಡಿದವು, ಕೊನೆಗೆ ಹತ್ತು ದಿನದ ಹಿಂದೆ ಆ ದೇಶಗಳದೇ ಪತ್ರ, ನಮ್ಮ ನಿಯೋಗ ನಿಮ್ಮಲ್ಲಿಗೆ ಬರುವ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅವರು ಹೊರಗಿರಬೇಕು, ಬೇಷರತ್ತಾಗಿ, ಇಲ್ಲದಿದ್ದರೆ ಖರೀದಿ ನಿಲ್ಲುತ್ತದೆ, ಸರ್ಕಾರ ಆಗಲಿ ಎಂದಿತು, ಆ ಉತ್ತರವನ್ನೂ ನಾನೇ ಅನುವಾದ ಮಾಡಿದೆ, ಬೇಷರತ್ತಾಗಿ ಎಂಬ ಪದವನ್ನು ನನ್ನ ಕೈಯಾರೆ ಬರೆದೆ — ಅದಾದ ಮೇಲೂ ನಿನ್ನೆ ನಿರ್ದೇಶಕರು ಮುಚ್ಚಳಿಕೆಯೊಂದನ್ನು ಟೈಪ್ ಮಾಡಿಸಿದರು, ಇನ್ನು ಮುಂದೆ ಯಾವ ಸಂಘಕ್ಕೂ ಸೇರುವುದಿಲ್ಲ, ಬಂದರಿನ ಕಡೆ ಸುಳಿಯುವುದಿಲ್ಲ, ಸ್ವಇಚ್ಛೆಯಿಂದ ಬರೆದುಕೊಡುತ್ತೇನೆ, ಅವನಿಗೇನು ಗೊತ್ತು, ಸಹಿ ಹಾಕ್ತಾನೆ ಬಿಡಿ, ಎಂದರು.

ಈಗ ಕ್ರೇನಿನವರು ಬೆಂಚಿನಿಂದೆದ್ದು ಬಂದು ನನ್ನ ಮೇಜಿನ ಮುಂದೆ ಕೂತಿದ್ದಾರೆ, ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು, ನಿರ್ದೇಶಕರು ಒಳಕೋಣೆಯಲ್ಲಿ ವಿಮಾನ ನಿಲ್ದಾಣದವರ ಜೊತೆ ಫೋನಿನಲ್ಲಿ, ಪೇದೆ ಹೊರಗೆ ಸಿಗರೇಟಿಗೆ, ಅವರು ಮುಚ್ಚಳಿಕೆಯನ್ನು ಬೆರಳಿಟ್ಟು ಓದುತ್ತಿದ್ದಾರೆ, ಸ್ವಇಚ್ಛೆಯಿಂದ ಅಂತ ಎರಡು ಸಲ ಬಂದಿದೆಯಲ್ಲಮ್ಮ, ಹೌದಲ್ಲ, ನಾನು ಗಮನಿಸಿರಲೇ ಇಲ್ಲ, ಅವರು ಪೆನ್ನು ತೆಗೆದರು, ಬೇಗ ಮುಗಿಸೋಣ, ಗೇಟಿನ ಹತ್ರ ಮಗಳು ನಿಂತಿದಾಳೆ, ಬೆಳಗ್ಗೆಯಿಂದ — ಪೆನ್ನಿನ ಮೊನೆ ಚುಕ್ಕೆಗಳ ಸಾಲಿನ ಮೇಲೆ ಬಂತು, ಆಗ ನನ್ನ ಬಾಯಿ ತಾನಾಗಿ ಆಡಿತು, ನಾನು ಆಡಿಸಿದ್ದಲ್ಲ, ಸಹಿ ಹಾಕದಿದ್ರೂ ಇವತ್ತು ನಿಮ್ಮನ್ನ ಬಿಡಲೇಬೇಕು, ಮೂರು ಗಂಟೆಯೊಳಗೆ, ಹೊರಗಿನವರಿಗೆ ಮಾತು ಕೊಟ್ಟಿದಾರೆ. ಅವರು ಗಾಬರಿಯಾಗಲಿಲ್ಲ, ಹಳೆಯ ಯಂತ್ರವನ್ನು ಮುಟ್ಟುವ ಮೊದಲು ನೋಡುವ ಹಾಗೆ ನನ್ನನ್ನು ನೋಡಿದರು, ಎರಡನೇ ವರ್ಷ ಒಬ್ಬ ಹೀಗೇ ಹೇಳಿದ್ದ, ಸಹಿ ಹಾಕಬೇಡ ಬಿಡ್ತಾರೆ ಅಂತ, ಹಾಕಲಿಲ್ಲ, ಇನ್ನೆರಡು ವರ್ಷ ಬಿತ್ತು, ನಿಮ್ಮನ್ನ ಯಾಕೆ ನಂಬಲಿ. ಯಾಕೆ ನಂಬಬೇಕು, ಸರಿಯಾದ ಪ್ರಶ್ನೆ, ನಾನು ಈ ಮೇಜಿನವಳು, ಈ ಟೈಪು ನನ್ನದು, ಸುಮ್ಮನೆ ಕೆಳಗಿನ ಡ್ರಾಯರು ತೆಗೆದೆ, ಚೀಲಕ್ಕೆ ಹಾಕದೆ ಉಳಿಸಿಕೊಂಡದ್ದು ಒಂದೇ ಒಂದು ಕಾರ್ಡು, ಯಾವುದೋ ಆಸ್ಪತ್ರೆಯ ದಾದಿ ಕಳಿಸಿದ್ದು, ನಿಮಗೆ ಯಾವ ಭಾಷೆ ಬರುತ್ತದೋ ತಿಳಿಯದು, ಅದಕ್ಕೇ ಚಿತ್ರ ಬರೆದಿದ್ದೇನೆ, ನಿಮ್ಮ ಕ್ರೇನು ನಿಮಗಾಗಿ ಕಾಯುತ್ತಿದೆ, ಅದನ್ನು ಅವರ ಮುಂದಿಟ್ಟೆ, ಅವರು ನೋಡಿದರು, ಹತ್ತಿರ ಹಿಡಿದು ನೋಡಿದರು, ಭುಜಗಳು ಕುಲುಕಾಡತೊಡಗಿದವು, ಅಳುತ್ತಿದ್ದಾರೆಂದುಕೊಂಡೆ, ಅಲ್ಲ, ನಗು, ಸದ್ದಿಲ್ಲದ ನಗು, ಕ್ಯಾಬಿನ್ ನೆಲದ ಮೇಲಿದೆ, ಅಲ್ಲಿ ಕೂತ್ರೆ ಚಕ್ರ ಬಿಟ್ಟು ಇನ್ನೇನೂ ಕಾಣಲ್ಲ, ಪೊಲೀಸರು ಬರೆಸಿದ್ರೆ ಸರಿಯಾಗಿ ಬರೆಸಿರ್ತಿದ್ರು, ಇದು ಅವರದಲ್ಲ. ಇಂಥವು ಇನ್ನೂ ಇವೆಯಾ ಎಂದು ಕೇಳಿದರು, ಮೆಟ್ಟಿಲ ಕೆಳಗಿನ ಕೋಣೆ ಬಾಗಿಲು ಹಾಕಕ್ಕಾಗ್ತಿಲ್ಲ ಎಂದೆ, ಅವರು ಕಾರ್ಡಿನ ಮೇಲೆ ಬಗ್ಗಿ ಪೆನ್ನಿನಿಂದ ಏನೋ ಗೀಚಿದರು, ಪೆನ್ನಿನ ಮುಚ್ಚಳ ಹಾಕಿದರು, ಮುಚ್ಚಳಿಕೆಯನ್ನು ನನ್ನ ಕಡೆ ತಳ್ಳಿದರು. ನಿರ್ದೇಶಕರು ಹೊರಗೆ ಬಂದು ಸಹಿ ಎಲ್ಲಿ ಎಂದರು, ಹಾಕಲ್ಲ ಸಾರ್, ಎಂದರು ಕ್ರೇನಿನವರು, ವಾಪಸ್ ಜೈಲಿಗೆ ಕಳಿಸ್ತೀನಿ ನೋಡು, ಕಳಿಸಿ — ಅಷ್ಟೇ, ಮಂಡಿಯ ಮೇಲೆ ಕೈಯಿಟ್ಟು ಕೂತುಬಿಟ್ಟರು, ಒಳಗೆ ಫೋನು ಮತ್ತೆ ಹೊಡೆದುಕೊಂಡಿತು, ಹೊಡೆದುಕೊಳ್ಳುತ್ತಲೇ ಇತ್ತು, ನಿರ್ದೇಶಕರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ನನ್ನನ್ನೇ ಜಾಸ್ತಿ ಹೊತ್ತು, ಕೊನೆಗೆ ಪೇದೆಗೆ ಕೈಬೀಸಿ ಕರಕೊಂಡು ಹೋಗಿ ಗೇಟು ದಾಟಿಸು ಎಂದರು.

ಹೋದರು, ನಾಳೆ ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ ಎಂದಿದ್ದಾರೆ ನಿರ್ದೇಶಕರು, ಏನು ಕೇಳುತ್ತಾರೋ, ಕೆಲಸ ಹೋಗುತ್ತದೇನೋ, ನಮ್ಮ ಮನೆಯವರಿಗೆ ಹೇಗೆ ಹೇಳಲಿ, ಹೇಳಿದರೆ ಅವರ ಮುಖ ಹೇಗಾಗುತ್ತದೋ ನೋಡಬೇಕು, ಹೆದರಿಕೆಯಾಗಬೇಕಿತ್ತು, ಇನ್ನೂ ಆಗಿಲ್ಲ, ಸಂಜೆಗೆ ಆಗಬಹುದು, ಗೇಟಿನ ಹತ್ತಿರ ಮಗಳು ಅಪ್ಪನನ್ನು ಗುರುತು ಹಿಡಿದಳೋ ಇಲ್ಲವೋ, ಆ ದಾದಿಗೆ ಯಾರು ತಿಳಿಸುತ್ತಾರೆ, ನಾನೇ ಬರೆದರೆ, ಅವಳ ಭಾಷೆಯಲ್ಲಿ ಕ್ಯಾಬಿನ್ನಿಗೆ ಏನನ್ನುತ್ತಾರೆ — ಕಾರ್ಡು ಇಲ್ಲೇ ಉಳಿದಿದೆ, ಮೇಜಿನ ಮೇಲೆ, ನೆಲದ ಮೇಲಿದ್ದ ಕ್ಯಾಬಿನ್ನಿಗೆ ಅಡ್ಡಗೀಟು, ಮೇಲೆ, ಕಂಬದ ತುತ್ತತುದಿಯಲ್ಲಿ, ಹೊಸ ಶಾಯಿಯ ಪುಟ್ಟ ಚೌಕ, ಚೌಕದೊಳಗೆ ಕಿಟಕಿ, ಕಿಟಕಿಯಲ್ಲಿ ಒಂದು ಚುಕ್ಕೆಯಷ್ಟು ತಲೆ, ಅಷ್ಟು ಎತ್ತರದಿಂದ ಏನೆಲ್ಲ ಕಾಣುತ್ತದೋ, ಆ ಚೌಕ, ಚೌಕದೊಳಗೆ ಆ ಚುಕ್ಕೆ, ಶಾಯಿ ಇನ್ನೂ ಆರಿಲ್ಲ, ಆ ಚುಕ್ಕೆ