ಮೂರನೆಯ ಕಡಲು

ಎಡಗಾಲಿಗೆ ಕಾಲುಚೀಲ ತೊಡಿಸಿದ ರೆಜಿನಾ ಬಲಗಾಲಿನ ಹತ್ತಿರ ಬಂದು ನಿಂತುಬಿಟ್ಟಳು. ಗಂಡನ ಪಾದದ ಮೇಲೆ ಚಪ್ಪಲಿಯ ಪಟ್ಟಿ ಇದ್ದಲ್ಲಿ ಮಾತ್ರ ಚರ್ಮ ಬಿಳಿ, ಉಳಿದೆಡೆ ಸುಟ್ಟ ಕಪ್ಪು. ಬಹರೈನಿನಲ್ಲಿ ಇಷ್ಟು ವರ್ಷ ಬೂಟು ಬಿಚ್ಚದ ಕಾಲಿಗೆ ಸೈಪ್ರಸ್‌ನ ಬಿಸಿಲು ಬರೆ ಎಳೆದಿತ್ತು. ಆ ದ್ವೀಪದಿಂದ ಮರಳಿ ಬಂದು ವಾರ ಕಳೆದಿರಲಿಲ್ಲ, ಗುರುತು ಮಾಸುವ ಮೊದಲೇ ಮನುಷ್ಯ ಹೋಗಿಬಿಟ್ಟಿದ್ದ.

"ಮಮ್ಮಿ, ಲೇಟಾಗ್ತದೆ. ಚರ್ಚಿನಲ್ಲಿ ಎಲ್ಲ ಕಾಯ್ತಾ ಇದ್ದಾರೆ" ಎಂದಳು ಮಗಳು ರೋಶೆಲ್.

ರೆಜಿನಾ ಎರಡನೆಯ ಕಾಲುಚೀಲ ಹಾಕಿದಳು. ಶವಾಗಾರದ ಕೆಲಸದವರು ಕೊಸ್ಮಸ್‌ಗೆ ಮದುವೆಯ ಸೂಟು ಹಾಕಿಸಿದ್ದರು. ಕೋಟು ಈಗ ಹಿಡಿಸುವಂತಿರಲಿಲ್ಲ. ಬೆನ್ನಿನ ಉದ್ದಕ್ಕೂ ಕತ್ತರಿಸಿ, ಎರಡು ಬದಿಯಿಂದಲೂ ಮೈಯ ಅಡಿಗೆ ಸಿಕ್ಕಿಸಿಟ್ಟಿದ್ದರು. ಮುಂದಿನಿಂದ ನೋಡಿದರೆ ಮದುಮಗನೇ. ಮುಂದಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಊರಿಗೆ ಕೊಂಡುಹೋಗುವ ಮಾತು ಒಂದು ದಿನ ನಡೆದು ಬಿದ್ದುಹೋಗಿತ್ತು. ಹೆಂಡತಿ ಮಗಳು ಇಬ್ಬರೂ ಇಲ್ಲೇ ದುಡಿಯುವವರು, ಗೋರಿಗೆ ಹೂವಿಡಲು ಪ್ರತಿ ಸಲ ಯಾರು ವಿಮಾನ ಹತ್ತುತ್ತಾರೆ? ಮಣ್ಣು ಇಲ್ಲೇ ಎಂದು ರೆಜಿನಾ ತೀರ್ಮಾನಿಸಿದಳು. ಊರಿನವರಿಗಾಗಿ ಲತೇಶ್ ಎಂಬ ಉಡುಪಿಯ ಹುಡುಗ ಎಲ್ಲವನ್ನೂ ಮೊಬೈಲಿನಲ್ಲಿ ಲೈವ್ ತೋರಿಸುವವನಿದ್ದ. ಮದುವೆಗಳಿಗೂ ಅವನೇ, ಮರಣಗಳಿಗೂ ಅವನೇ.

ಚರ್ಚಿನ ಹಾಲ್‌ನಲ್ಲಿ ಪೆಟ್ಟಿಗೆಯ ಪಕ್ಕ ಕೊಸ್ಮಸ್‌ನ ದೊಡ್ಡ ಫೋಟೋ ಇಟ್ಟಿದ್ದರು. ಹಿಂದೆ ನೀಲಿ ಕಡಲು, ಬಿಳಿ ಅಂಗಿ, ಬಾಯಿ ತುಂಬ ನಗು. ಸೈಪ್ರಸ್‌ನಲ್ಲಿ ರೆಜಿನಾ ತನ್ನ ಕೈಯಾರೆ ತೆಗೆದದ್ದು. ಬಂದವರೆಲ್ಲ ಮೊದಲು ಪೆಟ್ಟಿಗೆ ನೋಡಿ, ಆಮೇಲೆ ಫೋಟೋ ನೋಡಿ, ಆಮೇಲೆ ಅವಳ ಕೈ ಹಿಡಿಯುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಹೋಗುವ ಮೊದಲು ಲೋಕ ನೋಡಿ ಹೋದ.

"ನಗು ನೋಡಿ ಮಾರಾಯ್ರೆ" ಎಂದ ಗಾಯನ ಮಂಡಳಿಯ ರೋನ್ಸನ್. "ಇಷ್ಟು ಖುಷಿಯಲ್ಲಿ ಹೋಗ್ಲಿಕ್ಕೆ ಎಲ್ಲರಿಗೂ ಸಿಗ್ತದಾ? ಪುಣ್ಯವಂತ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ರೆಜಿನಾ ಆ ಮಾತನ್ನೇ ಹಿಡಿದುಕೊಂಡಿದ್ದಳು. ಸೈಪ್ರಸ್‌ನಲ್ಲಿ ಮೂರು ದಿನ ಅವನು ಸುಖವಾಗಿದ್ದ. ಉಳಿದದ್ದೆಲ್ಲ ದೇವರು ಕಿತ್ತುಕೊಂಡರೂ ಆ ಮೂರು ದಿನ ತನ್ನವು.

*

ಬಹರೈನಿನ ಅದ್ಲಿಯಾದ ರೆಸ್ಟೊರೆಂಟೊಂದರಲ್ಲಿ ರೆಜಿನಾ ಕ್ಯಾಷಿಯರ್. ಅವಳ ಕೌಂಟರಿನ ಎದುರಿನ ಗೋಡೆ ತುಂಬ ಮೆಡಿಟರೇನಿಯನ್ ದ್ವೀಪವೊಂದರ ಕಡಲತೀರದ ಚಿತ್ರ: ಬಿಳಿ ಬಂಡೆ, ಬಂಡೆಯಿಂದ ಇಳಿದುಹೋಗುವ ಮೆಟ್ಟಿಲು, ಕೆಳಗೆ ತಳ ಕಾಣುವ ನೀರು. ಬಿಲ್ಲು ಹರಿದು ಕೊಡುತ್ತಲೇ ಅವಳು ಆ ಮೆಟ್ಟಿಲನ್ನು ಮನಸ್ಸಿನಲ್ಲಿ ಎಷ್ಟೋ ಸಲ ಇಳಿದಿದ್ದಳು. ಒಮ್ಮೆ ಕರೆದುಕೊಂಡು ಹೋಗಿ ಎಂದಾಗಲೆಲ್ಲ ಕೊಸ್ಮಸ್ ನಗುತ್ತಿದ್ದ.

"ಹುಟ್ಟಿದ್ದು ಕಲ್ಯಾಣಪುರದಲ್ಲಿ, ಅಲ್ಲಿ ಒಂದು ಕಡಲು. ದುಡಿಯುದು ಈ ದ್ವೀಪದಲ್ಲಿ, ಸುತ್ತ ಇನ್ನೊಂದು ಕಡಲು. ಮೂರನೇ ಕಡಲು ನೋಡ್ಲಿಕ್ಕೆ ವಿಮಾನ ಬೇರೆ ಹತ್ಬೇಕಾ?"

ರಜೆ ಸಿಕ್ಕಿದರೆ ಊರು. ತಂಗಿಯ ಮದುವೆ, ಅಣ್ಣನ ಮನೆ ಒಕ್ಕಲು, ಯಾರದೋ ಮಗುವಿನ ನಾಮಕರಣ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ರೆಜಿನಾ ಗೊಣಗಿದರೆ, ಹಲ್ಲು ಇನ್ನೂ ಗಟ್ಟಿ ಉಂಟು ಎಂದು ಬಾಯಿ ತೆರೆದು ತೋರಿಸುತ್ತಿದ್ದ.

ಅಂಥವನು ಈ ಸೆಪ್ಟೆಂಬರಿನ ಒಂದು ಸಂಜೆ ಕೆಲಸದಿಂದ ಬಂದವನೇ, ಚಹಾಕ್ಕೂ ಕಾಯದೆ, "ನಿನ್ನ ಗೋಡೆಯ ಕಡಲಿಗೆ ಹೋಗುವ. ವೀಸಾ ಸಿಕ್ಕಿದ ಕೂಡಲೇ" ಎಂದ. ಕ್ರಿಸ್ಮಸ್ ರಜೆಯಲ್ಲಿ ಹೋದರಾಗದೇ ಎಂದು ಅವಳೇ ಕೇಳಬೇಕಾಯಿತು. ಆಗುವುದಿಲ್ಲ ಎಂದುಬಿಟ್ಟ. ಮುದುಕನಿಗೆ ಕೊನೆಗಾಲಕ್ಕೆ ಪ್ರೀತಿ ಉಕ್ಕಿತು ಎಂದು ರೆಜಿನಾ ಒಳಗೊಳಗೇ ಹಿಗ್ಗಿದ್ದಳು.

*

ಅಫ್ಸಲ್ ಹಾಲ್‌ನ ಒಳಗೆ ಬಂದಿರಲಿಲ್ಲ. ಹೊರಗೆ ನೀರಿನ ಕೂಲರಿನ ಬಳಿ ನಿಂತಿದ್ದ. ಟುಬ್ಲಿಯ ಗ್ಯಾರೇಜಿನಲ್ಲಿ ಕೊಸ್ಮಸ್ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ, ಬಂಟ್ವಾಳದ ಅಫ್ಸಲ್ ಅಲ್ಲೇ ಮೆಕ್ಯಾನಿಕ್. ಮೊನ್ನೆ ಕೊಸ್ಮಸ್ ಅಲ್ಲಿ ಕುಸಿದು ಬಿದ್ದಾಗ ತಲೆ ಹಿಡಿದುಕೊಂಡವನು ಇವನೇ. ಕೊನೆಗೆ ಏನಾದರೂ ಹೇಳಿದರಾ ಎಂದು ಕೇಳಲು ರೆಜಿನಾ ತಾನೇ ಎದ್ದು ಹೊರಗೆ ಹೋದಳು.

ಅಫ್ಸಲ್ ಅವಳ ಮುಖ ನೋಡಲಿಲ್ಲ. "ಒಂದು ವಿಷಯ ಹೇಳಿಬಿಡ್ತೇನೆ ರೆಜಿನಕ್ಕ. ಹೊಟ್ಟೆಯಲ್ಲಿ ಇಟ್ಕೊಂಡು ನನಗೆ ನಿದ್ದೆ ಇಲ್ಲ."

ಸೆಪ್ಟೆಂಬರಿನಲ್ಲಿ ಕೆಲಸದ ನಡುವೆ ಕೊಸ್ಮಸ್‌ಗೆ ಎದೆನೋವು ಬಂದಿತ್ತು. ಅಫ್ಸಲ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಇವತ್ತೇ ಆಸ್ಪತ್ರೆಗೆ ಸೇರಿ ಎಂದು ಡಾಕ್ಟರು ಹೇಳಿದ್ದರು. ಕೊಸ್ಮಸ್ ಆಗಲಿ ಎಂದು ತಲೆಯಾಡಿಸಿ, ಹೊರಗೆ ಬಂದು ಕಾರಿನಲ್ಲಿ ಕುಳಿತು, ಮನೆಗೆ ಬಿಡು ಎಂದಿದ್ದ.

"ನಾನು ಜೋರು ಮಾಡಿದೆ ಅಕ್ಕ. ಆಪರೇಷನ್ ಟೇಬಲ್ಲಿನಿಂದ ಎದ್ದು ಬರ್ತೇನೋ ಇಲ್ವೋ, ಮೊದಲು ಅವಳಿಗೆ ಆ ಕಡಲು ತೋರಿಸ್ತೇನೆ ಅಂದ್ರು ಕೊಸ್ಮಣ್ಣ. ಹೇಳಿದ್ರೆ ನೀವು ಹೊರಡುದಿಲ್ಲ ಅಂತ ನನ್ನ ಹತ್ರ ಆಣೆ ಹಾಕಿಸಿದ್ರು."

ರೆಜಿನಾಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಆಮೇಲೆ ಅದೂ ಹೋಯಿತು. ಕೇಳಬೇಕಾದ್ದು ಒಂದೇ ಉಳಿಯಿತು.

"ನೋವು ಬಂದಾಗ ಅವರು ಎಂತ ಮಾಡ್ತಿದ್ರು?"

ಅಫ್ಸಲ್ ಮುಷ್ಟಿ ಕಟ್ಟಿ ಅಂಗಿಯ ಎಡಬದಿಗೆ ಒತ್ತಿ ತೋರಿಸಿದ. "ಹೀಗೆ ಹಿಡ್ಕೊಂಡು ನಿಲ್ತಿದ್ರು. ಮಾತಾಡ್ತಿರ್ಲಿಲ್ಲ."

"ಅಲ್ಲಿಯೂ ಇತ್ತಾ ಅಫ್ಸಲ್, ನೋವು?"

"ಅಲ್ಲಿ ನಾನು ಇರ್ಲಿಲ್ಲ ಅಲ್ವಾ ಅಕ್ಕ" ಎಂದ ಅಫ್ಸಲ್, ಮೆಲ್ಲಗೆ. "ನೀವಿದ್ರಿ."

*

ಗೋಡೆಯ ಚಿತ್ರದಂತೆಯೇ ಸೈಪ್ರಸ್‌ನಲ್ಲಿಯೂ ಬಿಳಿ ಬಂಡೆ, ಬಂಡೆಯಲ್ಲಿ ಕೊರೆದ ಮೆಟ್ಟಿಲು. ರೆಜಿನಾ ಸಣ್ಣ ಹುಡುಗಿಯಾಗಿ ಓಡೋಡಿ ಇಳಿದಿದ್ದಳು. ಕೊಸ್ಮಸ್ ಪ್ರತಿ ತಿರುವಿನಲ್ಲೂ ನಿಂತು ಕಡಲು ನೋಡುತ್ತಿದ್ದ. ಬೇಗ ಬನ್ನಿ, ಬಿಸಿಲು ಹೋಗ್ತದೆ ಎಂದು ಅವಳು ಕೆಳಗಿನಿಂದ ಕೂಗಿದಳು.

"ಬಣ್ಣ ನೋಡ್ತಿದ್ದೇನೆ" ಎಂದು ಮೇಲಿನಿಂದ ಉತ್ತರ ಬಂತು. "ಈ ಬಣ್ಣ ನಮ್ಮ ಗ್ಯಾರೇಜಿನಲ್ಲಿ ಇಲ್ಲ."

ಅವಳು ಮೊಣಕಾಲುದ್ದ ನೀರಿಗಿಳಿದಳು. ಅವನು ಅವಳ ಚೀಲ ತೊಡೆಯ ಮೇಲಿಟ್ಟುಕೊಂಡು ಬಂಡೆಯ ಮೇಲೆ ಕುಳಿತಿದ್ದ. ನೀರಿಗೆ ಬನ್ನಿ ಎಂದರೆ ಬರಲಿಲ್ಲ, ಮಲ್ಪೆಯಲ್ಲಿ ಬೇಕಾದಷ್ಟು ಮಿಂದಿದ್ದೇನೆ ಎಂದ. ಹತ್ತುವಾಗ ಮತ್ತೆ ನಿಧಾನ. ಹೊಟ್ಟೆ ಬಂದಿದೆ ನಿಮಗೆ ಎಂದು ಹಾಸ್ಯ ಮಾಡುತ್ತ ಹಿಂದಿನಿಂದ ಬೆನ್ನಿಗೆ ಎರಡೂ ಕೈ ಕೊಟ್ಟು ನೂಕಿದ್ದಳು. ಮರುದಿನ ಕೋಟೆ ನೋಡುವ ಬಸ್ಸಿತ್ತು. ರೆಜಿನಾಳಿಗೆ ಕೋಟೆ ಬೇಡ, ಆ ತೀರವೇ ಬೇಕು. ಅದರ ಮರುದಿನವೂ ಅದೇ. ಕೊಸ್ಮಸ್ ಒಂದು ಮಾತೂ ಎದುರಾಡದೆ ಚಪ್ಪಲಿ ಮೆಟ್ಟಿ ಹೊರಟಿದ್ದ.

*

ಹಾಲ್‌ಗೆ ಮರಳಿದ ರೆಜಿನಾ ಮೂಲೆಯ ಕುರ್ಚಿಯಲ್ಲಿ ಕುಳಿತು ಫೋನು ತೆರೆದಳು. ಅದು ರೋಶೆಲ್ ಬಳಸಿ ಕೊಟ್ಟ ಐಫೋನು. ಪೆಟ್ಟಿಗೆಯ ಪಕ್ಕ ಇಟ್ಟಿದ್ದ ಅದೇ ಫೋಟೋ ತೆರೆದು ದೊಡ್ಡದು ಮಾಡಿದಳು. ಹಣೆ ನೋಡಿದಳು, ಕಣ್ಣಿನ ಅಂಚು ನೋಡಿದಳು, ತುಟಿ ನೋಡಿದಳು. ನೋವು ಎಲ್ಲಿಯೂ ಇಲ್ಲ. ದೇವರೇ, ಇಲ್ಲದಿರಲಿ. ಆಮೇಲೆ ಪೂರ್ತಿ ಫೋಟೋ ಕಾಣುವಂತೆ ಚಿಕ್ಕದು ಮಾಡಿ, ಆ ಮುಖದ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು.

ಫೋಟೋ ಅಲುಗಾಡಿತು.

ಕಡಲು ಸರಿಯಿತು. ಗಾಳಿಯ ಸದ್ದು ಕೇಳಿತು. ಕೊಸ್ಮಸ್ ನಗುತ್ತಿರಲಿಲ್ಲ. ಮುಷ್ಟಿ ಕಟ್ಟಿದ ಕೈ ಬಿಳಿ ಅಂಗಿಯ ಎಡಬದಿಗೆ ಒತ್ತಿತ್ತು, ಬಾಯಿ ಬಿಗಿದಿತ್ತು. ಒಳಗಿನಿಂದ ಒಂದು ಹೆಂಗಸಿನ ಸ್ವರ, ಉತ್ಸಾಹದ ಸ್ವರ, "ಕೈ ಕೆಳಗೆ ಬಿಡಿ, ನಗಿ" ಎಂದಿತು. ಮುಷ್ಟಿ ಬಿಚ್ಚಿ ಕೆಳಗೆ ಹೋಯಿತು. ನಗು ಬಂತು. ಅಲ್ಲಿಗೆ ನಿಂತಿತು.

ಅದು ತನ್ನದೇ ಸ್ವರವೆಂದು ತಿಳಿಯಲು ರೆಜಿನಾಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಒತ್ತಿದಳು. ಮತ್ತೆ ಮುಷ್ಟಿ, ಮತ್ತೆ ಅವಳ ಅಪ್ಪಣೆ, ಮತ್ತೆ ನಗು. ಈ ಸಲವಾದರೂ ಕೈ ಕೆಳಗೆ ಬಿಡದೆ, ರೆಜಿನಾ, ನೋಯುತ್ತದೆ ಎಂದು ಹೇಳಬಾರದೇ ಎಂದು ಮತ್ತೆ ಒತ್ತಿದಳು. ಪ್ರತಿ ಸಲವೂ ಅವನು ಅವಳ ಮಾತು ಕೇಳಿದ.

"ಅದು ಲೈವ್ ಫೋಟೋ ಮಮ್ಮಿ" ಎಂದಳು ಪಕ್ಕಕ್ಕೆ ಬಂದು ಕುಳಿತ ರೋಶೆಲ್. ಅವಳಿಗೆ ಏನೂ ಗೊತ್ತಿರಲಿಲ್ಲ. "ಕ್ಲಿಕ್ ಮಾಡುದಕ್ಕೆ ಮೊದಲಿನದ್ದೂ ಸ್ವಲ್ಪ ರೆಕಾರ್ಡ್ ಆಗಿರ್ತದೆ. ಡ್ಯಾಡಿದು ವಾಯ್ಸ್ ಇಲ್ಲ, ನಿಮ್ದು ಮಾತ್ರ."

ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರ ಫೋಟೋ ಆಗಬೇಕು, ಅದು ಕ್ರಮ. ಲತೇಶ್ ಕರೆದ. ರೋಶೆಲಳನ್ನು ಕಾಲಿನ ಬದಿಗೆ, ರೆಜಿನಾಳನ್ನು ತಲೆಯ ಬದಿಗೆ ನಿಲ್ಲಿಸಿದ. ರೆಜಿನಾ ಬಗ್ಗಿ ಗಂಡನ ಕೋಟಿನ ಎಡಬದಿಗೆ ಅಂಗೈ ಇಟ್ಟಳು.

"ಆಂಟಿ, ಕೈ ಸ್ವಲ್ಪ ಕೆಳಗೆ ಬಿಡಿ" ಎಂದ ಲತೇಶ್. "ಎದೆ ಮೇಲಿನ ಜಪಸರದ ಕ್ರಾಸ್ ಮುಚ್ಚಿಹೋಗ್ತದೆ."

ಅವಳು ಇನ್ನೂ ಗಟ್ಟಿಯಾಗಿ ಒತ್ತಿದಳು. ಬೆನ್ನು ಸೀಳಿದ ಕೋಟು ಅವಳ ಕೈಯ ಕೆಳಗೆ ಒಂದು ಬದಿಗೆ ಸರಿಯಿತು. ರೋಶೆಲ್ "ಮಮ್ಮಿ" ಎಂದಳು. ಕಲ್ಯಾಣಪುರದಲ್ಲಿ ಜನ ಲೈವ್ ನೋಡುತ್ತಿದ್ದರು, ಪಾದ್ರಿಗಳು ಬಾಗಿಲಲ್ಲಿ ಕಾಯುತ್ತಿದ್ದರು. ಲತೇಶ್ ಇನ್ನೊಮ್ಮೆ ಕೇಳಿ ನೋಡಿದ. ಅವಳು ಕೈ ತೆಗೆಯಲಿಲ್ಲ, ಅವನು ಹಾಗೆಯೇ ಕ್ಲಿಕ್ ಮಾಡಿದ.

ಪಕ್ಕದ ಚೌಕಟ್ಟಿನಲ್ಲಿ ಕೊಸ್ಮಸ್ ಕೈ ಕೆಳಗೆ ಬಿಟ್ಟು ನಗುತ್ತಿದ್ದ.