ಕಡೇ ಬಸ್ಸಿನ ಸೈನ್ಸು

ಸಾಲು ಒಂದು ಹೆಜ್ಜೆ ಸರಿದರೆ ಶ್ವೇತಾ ಎರಡು ಹೆಜ್ಜೆ ಸರಿಯುತ್ತಿದ್ದಳು. ಮುಂದೆ ನಿಂತಿದ್ದ ಹುಡುಗ ತಿರುಗಿ ತಿರುಗಿ ನೋಡಿದರೂ ಅವಳಿಗೇನೂ ಅನಿಸಲಿಲ್ಲ. ಹಿಂದಿದ್ದ ಮಹೆಕ ಮಾತ್ರ ನಿಂತಲ್ಲೇ ನಿಂತಿದ್ದಳು.

"ಲಗೂ ಬಾರೆ. ನಡುವ ಯಾರರ ಬಂದು ತೂರಿಕೋತಾರ," ಎಂದು ಶ್ವೇತಾ ಗೆಳತಿಯ ಕೈ ಹಿಡಿದು ಎಳೆದಳು.

ಸವಣೂರಿನ ಆ ಕಾಲೇಜಿನ ಅಂಗಳದಲ್ಲಿ ಪಿಯುಸಿ ಪ್ರವೇಶಕ್ಕೆ ಮೂರು ಸಾಲುಗಳು ನಿಂತಿದ್ದವು. ಆರ್ಟ್ಸ್ ಸಾಲಿಗೆ ಬೇವಿನ ಮರದ ನೆರಳಿತ್ತು, ಕಾಮರ್ಸ್ ಸಾಲಿಗೆ ಕಟ್ಟಡದ ನೆರಳಿತ್ತು. ಬಿಸಿಲೆಲ್ಲ ಸೈನ್ಸ್ ಸಾಲಿನ ಪಾಲಿಗೆ. ಆದರೂ ಅಲ್ಲಿ ನಿಂತವರ ಮುಖದಲ್ಲಿ ಆಗಲೇ ಅರ್ಧ ಡಾಕ್ಟರಾದ ಕಳೆ. ಶ್ವೇತಾ ಅಂತೂ ತನ್ನ ಮಟ್ಟಿಗೆ ಪೂರ್ತಿ ಡಾಕ್ಟರೇ ಆಗಿಬಿಟ್ಟಿದ್ದಳು. ಮನುಷ್ಯರ ಡಾಕ್ಟರಲ್ಲ, ದನದ ಡಾಕ್ಟರು.

ಹೋದ ವರ್ಷ ಅವರ ಎಮ್ಮೆ ಈಯುವಾಗ ಕರು ಅಡ್ಡ ತಿರುಗಿ ಸಿಕ್ಕಿಕೊಂಡಿತ್ತು. ಶಿಗ್ಗಾಂವಿ ಕಡೆಯಿಂದ ಸ್ಕೂಟಿ ಮೇಲೆ ಬಂದ ಡಾಕ್ಟರು ಹೆಣ್ಣುಮಗಳು ಎಂದು ಕಂಡು ನೆರೆದ ಗಂಡಸರು ಮುಖ ಮುಖ ನೋಡಿಕೊಂಡಿದ್ದರು. ಆಕೆ ಯಾರ ಮುಖವನ್ನೂ ನೋಡದೆ ತೋಳು ಮೇಲೇರಿಸಿ, "ಬಾಲ ಗಟ್ಟಿ ಹಿಡಿ," ಎಂದು ಶ್ವೇತಾಳಿಗೆ ಹೇಳಿ ಕೆಲಸಕ್ಕೆ ನಿಂತಳು. ಕರು ಜೀವಂತ ಬಂತು. ಅವತ್ತಿನಿಂದ ಶ್ವೇತಾ, ಕೇಳಿದವರಿಗೂ ಕೇಳದವರಿಗೂ ತಾನೇನಾಗುವವಳು ಎಂದು ಸಾರುತ್ತ ಬಂದಿದ್ದಳು.

ಅವಳ ಅಪ್ಪ ಕರಬಸಪ್ಪ ಇದಕ್ಕೆ ಅಡ್ಡ ಬಂದವನಲ್ಲ. ಅಡ್ಡ ಬಂದದ್ದು ಬಸ್ಸು. ಆ ಕಡೆಯ ಹಳ್ಳಿಗಳಲ್ಲಿ ಹುಡುಗಿಯರು ಏನು ಓದಬೇಕು ಎಂಬುದನ್ನು ಅಂಕಗಳಿಗಿಂತ ಹೆಚ್ಚಾಗಿ ಬಸ್ಸುಗಳೇ ತೀರ್ಮಾನ ಮಾಡುತ್ತವೆ. ಆರ್ಟ್ಸ್, ಕಾಮರ್ಸ್ ತರಗತಿಗಳು ಮಧ್ಯಾಹ್ನಕ್ಕೆ ಮುಗಿದರೆ ಊರೊಳಗೇ ಬರುವ ಬಸ್ಸು ಸಿಗುತ್ತದೆ. ಸೈನ್ಸಿನವರಿಗೆ ಪ್ರಾಕ್ಟಿಕಲ್ಲು ಸಂಜೆತನಕ. ಆಮೇಲೆ ಉಳಿಯುವುದು ಹತ್ತಿಮತ್ತೂರಿಗೆ ಹೋಗುವ ಕಡೇ ಬಸ್ಸೊಂದೇ. ಅದು ಕ್ರಾಸಿನಲ್ಲಿ ಇಳಿಸಿ ಹೋಗಿಬಿಡುತ್ತದೆ. ಅಲ್ಲಿಂದ ಊರಿಗೆ ಹೊಲಗಳ ನಡುವೆ ದಾರಿ, ಒಂದು ಮನೆಯೂ ಇಲ್ಲ. ಹಾಸ್ಟೆಲಿನ ಮಾತನ್ನು ಅವ್ವ ಮಂಜವ್ವ ಎತ್ತಗೊಡಲಿಲ್ಲ.

"ಜೋಡಿ ಯಾರರ ಇದ್ರ ಸೈನ್ಸ. ಒಬ್ಬಾಕಿನ ಅಂದ್ರ ಆರ್ಟ್ಸ್," ಎಂದಿದ್ದ ಕರಬಸಪ್ಪ. ಆರ್ಟ್ಸ್ ಎಂದರೆ ದನದ ಡಾಕ್ಟರಿಕೆಯ ಆಸೆ ಅಲ್ಲಿಗೇ ಮುಗಿದಂತೆ.

ಶ್ವೇತಾ ಜೋಡಿ ಹುಡುಕಿದಳು. ಊರಿನಲ್ಲಿ ಅವಳಷ್ಟೇ ಅಂಕ ತೆಗೆದ ಇನ್ನೊಬ್ಬಳು ಮಹೆಕ, ಟೇಲರ್ ಬಂದೇಸಾಬರ ಮಗಳು. ಶಾಲೆಯಿಂದ ಬಂದೊಡನೆ ಅಪ್ಪನ ಅಂಗಡಿಯಲ್ಲಿ ಎರಡನೇ ಮಷಿನ್ನಿಗೆ ಕೂಡುವ ಹುಡುಗಿ. ಶ್ವೇತಾ ಮೂರು ದಿನ ಆ ಅಂಗಡಿಯ ಹೊಸ್ತಿಲು ಬಿಡಲಿಲ್ಲ. ಸಂಜೆ ಹೊಲಿಗೆಗೆ ಯಾರು ಎಂದರೆ ಅದಕ್ಕೊಂದು ಉತ್ತರ, ಬಯಾಲಜಿ ಕಷ್ಟ ಎಂದರೆ ಅದಕ್ಕೊಂದು ಉತ್ತರ. ಕೊನೆಗೆ ಬಂದೇಸಾಬರೇ ನಕ್ಕು, "ತಂಗಿ, ನೀ ಡಾಕ್ಟರ್ ಆಗಬ್ಯಾಡವಾ, ವಕೀಲಕಿ ಮಾಡು. ಮಷಿನ್ನಿಂದು ನಾ ಹೆಂಗರ ನೋಡ್ಕೋತೇನಿ," ಎಂದಿದ್ದರು. ಮಹೆಕ ಹೂಂ ಎಂದಿದ್ದಳು. ಅವಳ ಹೂಂ ಹೇಗಿತ್ತು ಎಂದು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಶ್ವೇತಾಳಿಗಿರಲಿಲ್ಲ.

ಈಗ ಸಾಲಿನಲ್ಲಿ ಅವರ ಮುಂದೆ ಐದಾರು ಜನರಷ್ಟೇ ಉಳಿದಿದ್ದರು. ಇಬ್ಬರ ಅಪ್ಪಂದಿರೂ ಗೇಟಿನಾಚೆಯ ಚಹದಂಗಡಿಯಲ್ಲಿ ಕುಳಿತಿದ್ದರು. ಸಹಿಗೆ ಕರೆದರೆ ಬರುವವರು. ಮಹೆಕ ಕಾಮರ್ಸ್ ಸಾಲಿನ ಕಡೆ ನೋಡುತ್ತಿದ್ದಳು. ಅಲ್ಲೊಬ್ಬ ಮೇಷ್ಟ್ರು, ಎರಡು ವರ್ಷ ಏನೇನು ಕಲಿಯಬೇಕಾಗುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದರು. ಅಂಗಡಿ ಹಾಕುವುದು ಹೇಗೆ, ಬ್ಯಾಂಕಿನವರ ಹತ್ತಿರ ಮಾತಾಡುವುದು ಹೇಗೆ ಎಂದು. ಮಹೆಕಳ ಕತ್ತು ಆ ಕಡೆಯಿಂದ ಈ ಕಡೆಗೆ ಬರಲೇ ಇಲ್ಲ.

"ಏನ ನೋಡಾಕತ್ತಿ?"

"ಏನಿಲ್ಲ." ಮಹೆಕ ಆ ಕಡೆ ನೋಡುತ್ತಲೇ ಕೇಳಿದಳು, "ಸೈನ್ಸಿನ್ಯಾಗ ಇದನ್ನ ಕಲಸೂದಿಲ್ಲ, ಹೌದಲ್ಲ?"

"ಇದ ನಿನಗ್ಯಾಕ ಬೇಕು?"

"ಬಜಾರದಾಗ ಒಂದ ಅಂಗಡಿ ಹಾಕಬೇಕು ಅಂತ ಇತ್ತು. ಹೆಣ್ಮಕ್ಕಳ ಬಟ್ಟಿ ಅರಬಿ ಅಂಗಡಿ. ಅಬ್ಬಾ ಹೊಲೀಬೇಕು, ನಾ ನಡಸಬೇಕು."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

ಮಹೆಕ ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. "ಹೇಳಬೇಕಂತನ ಇದ್ನಿ. ನಿನ್ನ ಮಾತ ಕೇಳಕೋತ ಕುಂತ್ರ ನನಗ ನನ್ನ ಮಾತ ಮರತ ಹೋಗತೈತಿ," ಎಂದಳು.

ಸಾಲು ಸರಿಯಿತು, ಶ್ವೇತಾ ಸರಿಯಲಿಲ್ಲ. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಸಾಕು, ತನ್ನ ಕೆಲಸ ಆಗಿಹೋಗುತ್ತಿತ್ತು. ಮಹೆಕ ತಾನಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಆ ಹತ್ತು ನಿಮಿಷದ ಆಸೆ ಶ್ವೇತಾಳಿಗೆ ಆಯಿತು. ಆಸೆಯಾದದ್ದಕ್ಕೆ ನಾಚಿಕೆಯೂ ಆಯಿತು. ಕಡೆಗೆ ಗೆಳತಿಯ ಭುಜ ಹಿಡಿದು ಕಟ್ಟಡದ ನೆರಳಿನ ಕಡೆ ತಿರುಗಿಸಿದಳು.

"ಹೋಗು. ಆ ಸಾಲಿಗೆ ನಿಲ್ಲು."

"ಮತ್ತ ನೀ?"

"ನಂದ ನಾ ನೋಡ್ಕೋತೇನಿ. ಹೋಗ ಅಂದ್ನಿಲ್ಲ!"

ಶ್ವೇತಾ ಸಾಲು ಬಿಟ್ಟು ನೇರ ಚಹದಂಗಡಿಗೆ ನಡೆದಳು. ಬಂದೇಸಾಬರಿಗೆ, "ಕಾಕಾ, ಮಹೆಕ ಕಾಮರ್ಸಿಗೆ ನಿಂತಾಳ್ರಿ. ಆಕಿಗೆ ಬೇಕಾದ್ದ ಅದನ ಐತ್ರಿ. ನಾನ ಎಳಕೊಂಡ ಬಂದಿದ್ನಿ, ತಪ್ಪಾತ್ರಿ," ಎಂದಳು. ಬಂದೇಸಾಬರು ಅರ್ಧ ಉಳಿದ ಚಹ ಅಲ್ಲೇ ಬಿಟ್ಟು ಎದ್ದರು. ಒಳಗೆ ಹೋಗುವಾಗ ಅವಳ ತಲೆ ಮೇಲೊಮ್ಮೆ ಕೈಯಿಟ್ಟು ಹೋದರು.

ಕರಬಸಪ್ಪ ಮಗಳನ್ನೇ ನೋಡುತ್ತಿದ್ದ. ಅವಳ ಆಸೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೊಟ್ಟ ಮಾತು ಕೊಟ್ಟ ಮಾತೇ.

"ಹಂಗಾದ್ರ ಆರ್ಟ್ಸ್ ಸಾಲಿಗೆ ನಿಲ್ಲವಾ," ಎಂದ, ಮೆತ್ತಗೆ.

"ಅಪ್ಪಾ, ಒಂದ ಮಾತ ಕೇಳ್ತೇನಿ. ಆ ದಾರಿಗೆ ಹೆದರಾವರು ಯಾರು? ನಾನೋ, ನೀನೋ?"

ಚಹದಂಗಡಿಯವನು ಪಾತ್ರೆ ತಿಕ್ಕುವುದನ್ನು ಬಿಟ್ಟು ಕಿವಿಗೊಟ್ಟ. ಕರಬಸಪ್ಪ ಟವೆಲು ತೆಗೆದು ಮುಖ ಒರೆಸಿಕೊಂಡ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ನಾನ," ಎಂದ.

"ಪ್ರವೇಶಕ್ಕ ನಾಳೆನೂ ಒಂದ ದಿನ ಐತಿ. ಇವತ್ತ ಇಲ್ಲೇ ಇದ್ದು ಕಡೇ ಬಸ್ಸಿಗೆ ಹೋಗೂಣು. ಕ್ರಾಸಿನ್ಯಾಗ ಇಳದು ನೀ ಅಲ್ಲೇ ಮೋರಿ ಸಿಡಿ ಮ್ಯಾಲ ಕುಂದ್ರು. ನಾ ಒಬ್ಬಾಕಿನ ಮನಿಗೆ ಹೋಗ್ತೇನಿ. ನಾ ಮನಿ ಮುಟ್ಟೂತನಕ ನೀ ಎದ್ದ ಬರದ ಕುಂತ್ರ ಸೈನ್ಸ. ಎದ್ದ ಬಂದ್ರ ಆರ್ಟ್ಸ್. ಮುಂದ ನಾ ಒಂದ ಮಾತ ಆಡಿದ್ರ ಕೇಳು."

ಇಂಥ ಪರೀಕ್ಷೆ ತನಗೆ ಬರುತ್ತದೆ ಎಂದು ಕರಬಸಪ್ಪ ಎಣಿಸಿರಲಿಲ್ಲ. ಯೋಚಿಸಿ ಯೋಚಿಸಿ, "ಆಗಲಿ," ಎಂದ.

ಕಡೇ ಬಸ್ಸು ಅವರಿಬ್ಬರನ್ನು ಕ್ರಾಸಿನಲ್ಲಿ ಇಳಿಸಿ ಹತ್ತಿಮತ್ತೂರಿನ ದಾರಿ ಹಿಡಿದಾಗ ಹೊತ್ತು ಮುಳುಗಿ ಇನ್ನೂ ಸ್ವಲ್ಪ ಬೆಳಕಿತ್ತು. ಹಿಂದಿನ ದಿನ ಒಂದು ಹದ ಮಳೆಯಾಗಿ, ದಾರಿಯ ಎರಡೂ ಕಡೆ ಎರೆ ಹೊಲ ಕರ್‍ರಗೆ ನೆನೆದು ಮಲಗಿತ್ತು. ಊರಿನ ದಾರಿಗೆ ಮಾತ್ರ ಸಣ್ಣ ಕಲ್ಲು ಬೆರೆತ ಗರಸು ಮಣ್ಣು ಹಾಕಿದ್ದರಿಂದ ಅದು ಒಣಗಿ ಗಟ್ಟಿಯಾಗಿತ್ತು. ಕರಬಸಪ್ಪ ಸಿಡಿಯ, ಆ ಸಣ್ಣ ಸೇತುವೆಯ, ಕಟ್ಟೆಯ ಮೇಲೆ ಕುಳಿತ. ಶ್ವೇತಾ ನಡೆದಳು.

ಹೆದರಿಕೆಯೇ ಆಗಲಿಲ್ಲ ಎಂದರೆ ಸುಳ್ಳಾದೀತು. ದೂರದ ಹೊಲದ ಗುಡಿಸಲಿನಿಂದ ನಾಯಿಯೊಂದು ಬೊಗಳಿದಾಗ ತಿರುಗಿ ನೋಡಬೇಕೆನಿಸಿತು. ನೋಡಿದರೆ ಅಪ್ಪ ಹೆದರಿದಳೆಂದುಕೊಂಡು ಎದ್ದಾನು ಎಂದು ಕತ್ತು ನೆಟ್ಟಗೆ ಇಟ್ಟುಕೊಂಡೇ ಹೋದಳು. ನಡುದಾರಿ ದಾಟಿದ ಮೇಲೆ ಹೆದರಿಕೆ ಎಲ್ಲಿ ಹೋಯಿತೋ. ತಂಗಾಳಿ ಹಿತವಾಗಿತ್ತು. ಊರಿನ ದೀಪಗಳು ಕಂಡಾಗ, ಇನ್ನು ಎರಡು ವರ್ಷ ಈ ದಾರಿ ತನ್ನದೇ ಎನಿಸಿ ಖುಷಿಯಾಯಿತು.

ಮನೆ ಮುಟ್ಟಿ ಮುಖ ತೊಳೆದಳು. "ಅಪ್ಪ ಎಲ್ಲೆ?" ಎಂದು ಮಂಜವ್ವ ಕೇಳಿದಳು. "ಹಿಂದ ಬರ್ತಾನ," ಎಂದಳು ಶ್ವೇತಾ. ಅವ್ವ ರೊಟ್ಟಿ ಬಡಿಯುವುದು ಮುಗಿಯಿತು, ಅಪ್ಪ ಬರಲಿಲ್ಲ. ಹೊರಗೆ ಪೂರ್ತಿ ಕತ್ತಲಾಯಿತು. ಶ್ವೇತಾ ಒಮ್ಮೆ ಬಾಗಿಲಿಗೆ ಹೋಗಿ ನೋಡಿದಳು, ಒಳಗೆ ಬಂದಳು, ಮತ್ತೆ ಹೋದಳು. ಹಾವು ಹರಿದಾಡುವ ಕಾಲ. ಅಪ್ಪನ ಹತ್ತಿರ ಬ್ಯಾಟರಿ ಇದೆಯೋ ಇಲ್ಲವೋ. ಯಾಕಾದರೂ ಕುಂದರಿಸಿ ಬಂದೆನೋ ಎಂದು ಅವಳಿಗೆ ಜೀವ ತಡೆಯದಾಯಿತು. ಇನ್ನೇನು ಚಪ್ಪಲಿ ಮೆಟ್ಟಿ ಹೊರಡಬೇಕು, ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಕರಬಸಪ್ಪ ಕಂಡ.

"ಎಷ್ಟ ಹೊತ್ತೋ ಅಪ್ಪಾ!"

"ಸಿಡಿ ಮ್ಯಾಲ ಕುಂತಿದ್ನಿ. ಗಾಳಿ ತಂಪ ಇತ್ತು, ಹಂಗ ಜೋಂಪ ಹತ್ತಿತು," ಎಂದ ಕರಬಸಪ್ಪ ಅವಳ ಮುಖ ನೋಡದೆ.

ಚಪ್ಪಲಿಗಳು ಅವನ ಕೈಯಲ್ಲಿದ್ದವು. ಮೊಣಕಾಲಿನ ತನಕ ಎರೆ ಮಣ್ಣು ಮೆತ್ತಿಕೊಂಡಿತ್ತು. ಗರಸಿನ ದಾರಿಯಲ್ಲಿ ಸಪ್ಪಳ ಕೇಳೀತೆಂದು ಹೊಲಕ್ಕಿಳಿದು, ಅವಳ ಹಿಂದೆಯೇ ಊರಿನ ಅಂಚಿನವರೆಗೂ ಬರಿಗಾಲಲ್ಲಿ ನಡೆದು, ಆಮೇಲೆ ಅಲ್ಲೇ ಹೊತ್ತು ಕಳೆದು ಬಂದವನ ಕಾಲು ಅದು.

ಶ್ವೇತಾ ನೋಡಿದಳು.

"ನಾಳೆ ಮೊದಲನೇ ಬಸ್ಸಿಗೆ ಹೋಗೂಣು," ಎಂದ ಕರಬಸಪ್ಪ. "ಸೈನ್ಸಿನ ಸಾಲಿಗೆ ನೆರಳಿಲ್ಲ. ಬಿಸಲ ಏರೂದ್ರಾಗ ಸಹಿ ಮಾಡಿ ಮುಗಸೂಣು."

ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಅಪ್ಪ ಬಾಗಿಲ ಕಲ್ಲಿನ ಮೇಲೆ ಒಂದು ಕಾಲಿಟ್ಟ. ಎರೆ ಮಣ್ಣು ಬೇಗ ಬಿಡುವುದಿಲ್ಲ. ಅವಳು ಬಗ್ಗಿ, ಒಂದು ಕೈಯಿಂದ ಹಿಮ್ಮಡಿ ಉಜ್ಜುತ್ತ, ಇನ್ನೊಂದು ಕೈಯಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕತೊಡಗಿದಳು.